ಏಳನೇ ನಂಬರಿನ ಡಬ್ಬಿ

ನಾನೂರ ಹನ್ನೆರಡು. ಹಲ್ಲುಜ್ಜುತ್ತ ಫೋನು ನೋಡಿದಾಗ ನಾನೂರ ಹನ್ನೆರಡು. ಬಾಯಿ ಮುಕ್ಕಳಿಸಿ ಬಂದು ನೋಡಿದರೆ ನಾನೂರ ಹದಿನಾಲ್ಕು. ಊರಿನ ಉಳಿದ ಹನ್ನೊಂದು ಡಬ್ಬಿಗಳು ಅರವತ್ತು, ಎಪ್ಪತ್ತು ಎಂದು ಸಂಸಾರವಂದಿಗರ ಹಾಗೆ ಮರ್ಯಾದೆಯಿಂದಿದ್ದವು. ಜೋಗಿಮಟ್ಟಿ ರಸ್ತೆಯ ತಿರುವಿನ ಕಂಬದ ಮೇಲಿದ್ದ ಏಳನೇ ನಂಬರಿನದು ಮಾತ್ರ, ಬೆಳಗಿನ ಆರಕ್ಕೆ, ಒಂದು ಒಲೆಯೂ ಹೊತ್ತಿರದ ಹೊತ್ತಿನಲ್ಲಿ, ಚಿತ್ರದುರ್ಗಕ್ಕೇ ಬೆಂಕಿ ಬಿದ್ದಿದೆ ಎಂದು ಹಟ ಹಿಡಿದು ಕೂತಿತ್ತು. ಊಟದ ಕ್ಯಾರಿಯರಿನಷ್ಟು ದೊಡ್ಡ ಬಿಳಿ ಡಬ್ಬಿ, ಅಡಿಯಲ್ಲೊಂದು ಜಾಲರಿ, ಒಳಗೆ ಹೆಬ್ಬೆರಳಿನಷ್ಟು ಫ್ಯಾನು. ಅದು ಊರಿನ ಗಾಳಿಯನ್ನು ಒಳಗೆಳೆದು, ಧೂಳಿನ ಕಣಗಳನ್ನು ಲೆಕ್ಕ ಹಾಕಿ, ಸೆಕೆ ಎಷ್ಟು ಗದ್ದಲ ಎಷ್ಟು ಎಂಬುದನ್ನೂ ಸೇರಿಸಿ, ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಚಾಡಿ ಹೇಳುತ್ತಿತ್ತು. ಈ ಹನ್ನೆರಡು ಚಾಡಿಕೋರರನ್ನು ಒರೆಸಿ, ವೈರು ನೋಡಿ, ಕಾಗೆ ಕೂರದಂತೆ ಕಾಯುವ ಗುತ್ತಿಗೆ ಕೆಲಸ ಪರಮೇಶನದು. ಈವತ್ತು ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಮೋನಿಕಾ ಮೇಡಂ ಬಂದು ಏಳನೆಯದನ್ನು ಪರೀಕ್ಷಿಸುವವರಿದ್ದರು. ಅಂಕಿ ನಿಜವೆಂದು ಅವರು ಬರೆದುಕೊಟ್ಟರೆ ಸಂಜೆಯೊಳಗೆ ಕಂಬದ ಕೆಳಗಿನ ನಿಂಗಕ್ಕನ ಮಂಡಕ್ಕಿ ಮಿರ್ಚಿ ಗಾಡಿ ಅಲ್ಲಿಂದ ಎದ್ದುಹೋಗುತ್ತಿತ್ತು. ಅಂಕಿ ಸುಳ್ಳು, ನಿಂಗಕ್ಕನ ಬಾಣಲೆ ನಿರಪರಾಧಿ, ತಪ್ಪು ಯಾರದು ಎಂಬುದೆಲ್ಲ ಖಚಿತವಾಗಿ ಗೊತ್ತಿದ್ದ ಮನುಷ್ಯ ಒಬ್ಬನೇ. ಅವನು ಈಗ ಬಚ್ಚಲ ಬಾಗಿಲಲ್ಲಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದ.

ಅವ್ವ ಏಕನಾಥಮ್ಮ ರೊಟ್ಟಿ ತಟ್ಟುತ್ತ, ಯಾಕೆ ಹೆಣ ಹೊತ್ತವನ ಮುಖ ಮಾಡಿಕೊಂಡಿದ್ದೀಯ ಎಂದು ಕೇಳಿದಳು. ಏನಿಲ್ಲ ಎಂದ. ಏನಿಲ್ಲದಕ್ಕೆ ಮೂಲ ಅವಳೇ ಎಂದು ಹೇಳುವಂತಿರಲಿಲ್ಲ. ತಾಳ್ಯದ ಬೀರದೇವರ ಗುಡಿಯಿಂದ ವರ್ಷಕ್ಕೊಮ್ಮೆ ತರುವ ಭಂಡಾರ, ಅಂದರೆ ದೇವರ ಮುಂದೆ ರಾಶಿ ಹಾಕಿದ ಅರಿಶಿನದ ಪುಡಿ, ಅವಳ ಪಾಲಿಗೆ ಸರ್ವರೋಗಕ್ಕೂ ಮದ್ದು. ಕುರಿಗೆ, ಕೂಸಿಗೆ, ಕೊಡಲಿಗೆ, ಮಿಕ್ಸಿಗೆ, ಕೊನೆಗೆ ಟಿವಿಯ ರಿಮೋಟಿಗೂ ಹಚ್ಚಿ ಅದರ ಗುಂಡಿ ಒಂದು ವಾರ ಒತ್ತಲಾಗದಂತೆ ಮಾಡಿದ್ದಳು. ಪರಮೇಶ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು. ಒಂಬತ್ತು ಜನರ ‘ವೈಚಾರಿಕ ಬಳಗ’ ಎಂಬ ವಾಟ್ಸಪ್ ಗುಂಪಿನ ಸ್ಥಾಪಕ ಕಾರ್ಯದರ್ಶಿ. ಹೊಸ ಬೈಕಿನ ಚಕ್ರದಡಿ ನಿಂಬೆಹಣ್ಣು ಇಟ್ಟವನನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಇಂಜಿನ್ನಿಗೆ ಎಣ್ಣೆ ಹಾಕೋ, ಹುಳಿ ಯಾಕೆ ಹಿಂಡ್ತೀಯ ಎಂದು ಕೇಳಿದವನು. ಅವನ ಬೈಕಿಗೆ ಭಂಡಾರ ಹಚ್ಚಲು ಬಂದ ಅವ್ವನನ್ನು ಅಂಗಳದಲ್ಲೇ ತಡೆದಿದ್ದ. ಹಚ್ಚಿದರೆ ನಿನ್ನ ಗಾಡಿ ಏನ್ ಅಳ್ತೈತೇನಲೇ ಎಂದು ಗೊಣಗಿ ಒಳಗೆ ಹೋದವಳು ಒಂದು ಪೊಟ್ಟಣವನ್ನು ಸದ್ದಿಲ್ಲದೆ ಸೀಟಿನ ಕೆಳಗೆ ಸೇರಿಸಿಬಿಟ್ಟಿದ್ದಳು. ಆಯುಧಪೂಜೆಯ ದಿನ ಬೆಳಗ್ಗೆ ಏಳನೇ ಕಂಬದ ಕೆಳಗೆ ಬೈಕು ನಿಲ್ಲಿಸಿ, ಸ್ಪಾನರು ಹುಡುಕಲು ಸೀಟು ಎತ್ತಿದಾಗ ಆ ಪೊಟ್ಟಣ ಅವನ ಕೈಗೆ ಬಂತು.

ರಸ್ತೆಯಲ್ಲಿ ಯಾರೂ ಇರಲಿಲ್ಲ. ಅದೇ ತಾನೇ ತೊಂದರೆ. ಒಬ್ಬನಾದರೂ ಇದ್ದಿದ್ದರೆ ಅವನು ಪೊಟ್ಟಣವನ್ನು ಚರಂಡಿಗೆ ಎಸೆದು ನಾಲ್ಕು ಮಾತು ಹೇಳುತ್ತಿದ್ದ. ಗುತ್ತಿಗೆ ಮುಂದುವರಿಯುವವರ ಪಟ್ಟಿ ಹಬ್ಬ ಮುಗಿದ ಮರುದಿನ ಬರುವುದಿತ್ತು, ಆಫೀಸಿನ ಹನ್ನೆರಡು ಗುತ್ತಿಗೆಯವರಲ್ಲಿ ನಾಲ್ವರನ್ನು ತೆಗೆಯುತ್ತಾರೆ ಎಂಬ ಸುದ್ದಿಯಿತ್ತು, ಮೂವತ್ತಾರು ವಯಸ್ಸಾಗಿತ್ತು. ಪಕ್ಕದ ಪಂಚರ್ ಅಂಗಡಿಯ ಹಿಂದೆ ಇಟ್ಟಿದ್ದ ಏಣಿ ತಂದು ಡಬ್ಬಿ ಒರೆಸಲೆಂದೇ ಹತ್ತಿದ. ಒರೆಸಿದ. ಆಮೇಲೆ ಅವನ ಕೈ, ಅವನ ಡಿಪ್ಲೊಮಾವನ್ನಾಗಲಿ ಒಂಬತ್ತು ಜನ ಸದಸ್ಯರನ್ನಾಗಲಿ ಕೇಳದೆ, ಪೊಟ್ಟಣ ಬಿಚ್ಚಿ ಜಾಲರಿಯ ಮೇಲೆ ಧಾರಾಳವಾಗಿ ಭಂಡಾರ ಬಳಿಯಿತು, ಮೇಲೊಂದು ಚೆಂಡುಹೂವನ್ನೂ ಸಿಕ್ಕಿಸಿತು. ಏನೋ ಗೊಣಗಿಕೊಂಡ ನೆನಪೂ ಇದೆ. ಇಳಿದು ನೋಡಿದಾಗ ಡಬ್ಬಿ ಮದುಮಗನಂತಿತ್ತು. ಫ್ಯಾನು ಇಡೀ ಹಬ್ಬದ ದಿನ ಆ ಪುಡಿಯನ್ನು ಕೊಂಚಕೊಂಚವಾಗಿ ಒಳಗೆಳೆದುಕೊಂಡು, ಒಳಗೆ ತಿರುಗಿಸಿ ತಿರುಗಿಸಿ ಎಣಿಸಲು ತೊಡಗಿತು. ಇಪ್ಪತ್ತೆರಡು ದಿನಗಳಿಂದ ಎಣಿಸುತ್ತಲೇ ಇದೆ. ಇದಕ್ಕಿಂತ ದೊಡ್ಡ ಅವಮಾನವೆಂದರೆ, ಮರುದಿನದ ಪಟ್ಟಿಯಲ್ಲಿ ಅವನ ಹೆಸರಿತ್ತು. ಪೂಜೆ ಮಾಡಿದರೂ ಏನೂ ಆಗಲಿಲ್ಲ ನೋಡಿ ಎನ್ನುವ ಸಣ್ಣ ಸಮಾಧಾನವನ್ನೂ ಬೀರದೇವರು ಅವನಿಗೆ ಉಳಿಸಲಿಲ್ಲ.

ಬೈಕು ಹತ್ತುವಾಗ ಗಂಟೆ ಒಂಬತ್ತೂವರೆ. ಮೊದಲೇ ಹೇಳಿಬಿಡಬಹುದಿತ್ತು. ಆದರೆ ಮೂರನೇ ದಿನ ಹೇಳೋಣವೆಂದು ಆಫೀಸಿಗೆ ಹೋದಾಗ ಮೇಲ್ವಿಚಾರಕ ಲಕ್ಷ್ಮೀಕಾಂತ್ ಸಾರ್ ಕುರ್ಚಿಯಿಂದ ಎದ್ದು ಅವನ ಕೈ ಕುಲುಕಿದ್ದರು. ಎಂಟು ತಿಂಗಳಿಂದ ಈ ಗಾಳಿ ಯೋಜನೆಗೆ ತೋರಿಸಿಕೊಳ್ಳಲು ಏನೂ ಸಿಕ್ಕಿರಲಿಲ್ಲ. ಚಿತ್ರದುರ್ಗದ ಗಾಳಿ ಬಿಸಿಯಾಗಿದ್ದರೂ ಸಾಧಾರಣ ಸಭ್ಯವಾಗಿತ್ತು. ಈಗ ಗಾಳಿ ವಿಪರೀತ ಕೆಟ್ಟ ಒಂದು ಹಾಟ್‌ಸ್ಪಾಟ್ ಸಿಕ್ಕಿತ್ತು. ಭೀಮಸಮುದ್ರದ ಅಡಿಕೆ ಮಂಡಿಯ ಮನೆತನದ ಸಾರ್, ಒಳ್ಳೆಯ ಅಡಿಕೆಯ ಚೀಲಕ್ಕೆ ಕೈ ಹಾಕಿದಾಗಿನ ಮುಖ ಮಾಡಿಕೊಂಡು, ಏಳನೇ ನಂಬರಿನ ಕೆಂಪು ಗೆರೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಕೆಳಗೊಂದು ಬಾಣಲೆ ಇದೆ ಎಂಬುದು ನೆನಪಾದದ್ದೂ ಅವರಿಗೇ. ಬೆಳಗ್ಗೆ ಒಲೆ ಹಚ್ಚುವ ಮೊದಲೂ ಅಂಕಿ ಇಳಿಯುವುದಿಲ್ಲವಲ್ಲ ಎಂದು ಬೆಂಗಳೂರಿನವರು ಕೇಳಿದ್ದಕ್ಕೆ, ರಾತ್ರಿಯ ಎಣ್ಣೆ ಹೊಗೆ ಅಲ್ಲೇ ಕೂತಿರುತ್ತದೆ ಎಂಬ ಸಿದ್ಧಾಂತವನ್ನೂ ಕಂಡುಹಿಡಿದರು. ಪತ್ರಿಕೆಯಲ್ಲಿ ಅವರ ಫೋಟೋ ಬಂತು. ಪಕ್ಕದಲ್ಲಿ ಪರಮೇಶನ ಅರ್ಧ ಭುಜವೂ ಬಂತು. ಅರ್ಧ ಭುಜ ಬಂದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ತಾನೇ ತೆಗೆದು ಶುಚಿ ಮಾಡೋಣವೆಂದರೆ ಡಬ್ಬಿಗೆ ಸೀಲು. ತೆರೆದ ಕೂಡಲೇ ಬೆಂಗಳೂರಿಗೆ ಗೊತ್ತಾಗುತ್ತದೆ. ಒಂದು ದಿನ ಏಣಿ ಹತ್ತಿ ಜಾಲರಿಗೆ ಬಾಯಿಟ್ಟು ಊದಿದ್ದ. ಅರ್ಧ ಪುಡಿ ಕಣ್ಣಿಗೆ ಬಿತ್ತು, ಅರ್ಧ ಇನ್ನೂ ಒಳಗೆ ಹೋಯಿತು, ಅಂಕಿ ಮುನ್ನೂರ ಎಂಬತ್ತಿದ್ದದ್ದು ನಾನೂರು ದಾಟಿತು.

ಗಾಡಿ ತೆಗೆಯಬೇಕೆಂಬ ನೋಟಿಸನ್ನು ಕೊಡಲು ಹೋದ ವಾರ ಕಳಿಸಿದ್ದೂ ಅವನನ್ನೇ. ನಿಂಗಕ್ಕ ಮಧ್ಯಾಹ್ನದ ಮೆಣಸಿನಕಾಯಿ ಸೀಳುತ್ತ ಕೂತಿದ್ದಳು. ಕನ್ನಡಕ ತಂದಿಲ್ಲಪ್ಪ, ನೀನೇ ಓದು ಎಂದಳು. ಅವನು ಓದಿದ. ‘ಸದರಿ ಸ್ಥಳದಲ್ಲಿನ ಸ್ಥಿರ ಮಾಲಿನ್ಯ ಮೂಲವನ್ನು ತೆರವುಗೊಳಿಸತಕ್ಕದ್ದು’ ಎಂಬಲ್ಲಿ ಅವನ ದನಿ ತಾನಾಗಿಯೇ ಶಾಲೆಯ ಮಾಸ್ತರರ ದನಿಯಾಯಿತು. ಮೂಲ ಅಂದ್ರೆ ನಾನಾ, ಬಾಣ್ಲೆನಾ ಎಂದು ಅವಳು ನಿಜವಾಗಿಯೇ ತಿಳಿದುಕೊಳ್ಳಲು ಕೇಳಿದಳು. ಇಪ್ಪತ್ತೆರಡು ವರ್ಷದಿಂದ ಅದೇ ತಿರುವು. ಗಾಡಿಯ ಚಕ್ರಗಳು ಮಣ್ಣಲ್ಲಿ ಅರ್ಧ ಹೂತು, ತಳ್ಳಿದರೆ ಚಕ್ರ ಅಲ್ಲೇ ಉಳಿದು ಗಾಡಿ ಮಾತ್ರ ಬರುವ ಹಾಗಿತ್ತು. ಮಗಳು ರಮ್ಯಾ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದದ್ದು ಈ ಬಾಣಲೆಯ ಮೇಲೆಯೇ. ಬೇರೆ ಕಡೆ ಹೋದರೆ ಅಲ್ಲಿಯವರು ನಿಲ್ಲಗೊಡುತ್ತಾರೆಯೇ ಎಂದು ಕೇಳಿದಳು, ಉತ್ತರಕ್ಕೆ ಕಾಯಲಿಲ್ಲ. ಎದ್ದು ನಾಲ್ಕು ಮಿರ್ಚಿ ಬಿಟ್ಟು, ಮಂಡಕ್ಕಿ ಕಲಸಿ, ಬಿಸಿಲಲ್ಲಿ ಬಂದಿದೀಯ ತಿನ್ನು ಎಂದು ನೋಟಿಸು ತಂದವನ ಮುಂದೆ ತಟ್ಟೆ ಇಟ್ಟಳು. ಅವನು ತಿಂದ. ಉಪ್ಪು ಸರಿಯಾಗಿದೆ ಎಂದೂ ಹೇಳಿದ. ತನ್ನ ಬಗ್ಗೆ ಅವನಿಗೆ ಅಸಹ್ಯವಾಗಿತ್ತು, ಮಿರ್ಚಿ ಮಾತ್ರ ಎಂದಿನಂತೆ ರುಚಿಯಾಗಿತ್ತು.

ಅದಕ್ಕಿಂತಲೂ ಚುಚ್ಚುತ್ತಿದ್ದದ್ದು ಹೂವಿನ ವಿಷಯ. ಆಯುಧಪೂಜೆಯ ಸಂಜೆ ಆ ಚೆಂಡುಹೂವು ಮೇಲಿಂದ ಉದುರಿ ನಿಂಗಕ್ಕನ ಹಿಟ್ಟಿನ ಬೋಗುಣಿಗೆ ಬಿದ್ದಿತ್ತು. ಅವನು ಬಂದಾಗ ಅವಳು ಹೂವನ್ನು ಎತ್ತಿ ತೋರಿಸಿ, ನಿಮ್ಮ ಡಬ್ಬಿಗೆ ಯಾರೋ ಪೂಜೆ ಮಾಡವ್ರೆ ನೋಡಪ್ಪ ಎಂದಿದ್ದಳು. ಬಳಗದ ಇಬ್ಬರು ಸದಸ್ಯರು ಪಕ್ಕದಲ್ಲೇ ಮಂಡಕ್ಕಿ ತಿನ್ನುತ್ತಿದ್ದರು. ಪರಮೇಶನ ಬಾಯಿಂದ ತಾನಾಗಿಯೇ ಭಾಷಣ ಹೊರಟಿತು. ಯಂತ್ರಕ್ಕೆ ಹೂವಿಟ್ಟರೆ ಯಂತ್ರಕ್ಕೇನು ಗೊತ್ತಾಗುತ್ತದೆ. ಬೇರೆ ದೇಶದವರು ಗಾಳಿಯನ್ನು ಅಳೆಯುತ್ತಿದ್ದಾರೆ, ನಾವು ಅಳೆಯುವ ಯಂತ್ರಕ್ಕೆ ಕೈ ಮುಗಿಯುತ್ತಿದ್ದೇವೆ. ಭಯವೇ ಮೌಢ್ಯದ ತಾಯಿ. ಹತ್ತು ನಿಮಿಷ ಮಾತಾಡಿದ. ಅಷ್ಟು ಚೆನ್ನಾಗಿ ಅವನು ಎಂದೂ ಮಾತಾಡಿರಲಿಲ್ಲ. ನಿಂಗಕ್ಕ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿದಳು, ಒಂದು ಮೆಣಸಿನಕಾಯಿ ಸೀದುಹೋಗುವವರೆಗೆ ಕೇಳಿದಳು. ಅವಳಿಗೆ ಆವತ್ತೇ ಗೊತ್ತಿತ್ತೇ? ಹಬ್ಬದ ಬೆಳಗ್ಗೆ ಗಾಡಿ ತೊಳೆಯಲು ಬೇಗ ಬಂದಿದ್ದಳೇ? ಏಣಿಯ ಮೇಲೆ ಬೆನ್ನು ಮಾಡಿ ನಿಂತಿದ್ದವನಿಗೆ ರಸ್ತೆಯ ಆ ಬದಿ ಕಂಡಿರಲಿಲ್ಲ. ಕೆಲಸ ಹೋದರೆ ಹಿರಿಯೂರಿನ ಕಡೆ ಸೋಲಾರ್ ಕಂಪನಿಯಲ್ಲೋ ಎಲ್ಲೋ ಇನ್ನೊಂದು ಸಿಗಬಹುದು. ಆದರೆ ಒಂಬತ್ತು ಜನರ ಗುಂಪಿನಲ್ಲಿ ಎಂಟು ನಗುವ ಮುಖಗಳು ಒಂದರ ಕೆಳಗೊಂದು ಬಂದು ಬೀಳುವುದನ್ನು ನೆನೆದರೆ ಬೈಕನ್ನು ಮನೆಯ ಕಡೆ ತಿರುಗಿಸಬೇಕೆನಿಸುತ್ತಿತ್ತು. ಒಬ್ಬ ಹೆಂಗಸಿನ ಅನ್ನವನ್ನು ತನ್ನ ನಾಚಿಕೆಯ ಜೊತೆ ತೂಗುತ್ತಿದ್ದೇನೆ, ನಾಚಿಕೆಯೇ ಹೆಚ್ಚು ತೂಗುತ್ತಿದೆ ಎಂಬುದೂ ಅವನಿಗೆ ಗೊತ್ತಿತ್ತು.

ಹನ್ನೊಂದಕ್ಕೆ ಬರಬೇಕಾದವರು ಹನ್ನೆರಡೂಕಾಲಕ್ಕೆ ಬಂದರು. ಲಕ್ಷ್ಮೀಕಾಂತ್ ಸಾರ್ ಕಾರಿನ ಮುಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಸರ ತೂಗುತ್ತಿತ್ತು. ಪರಮೇಶ ಅದನ್ನು ನೋಡಿದ, ನೋಡುವ ಹಕ್ಕು ತನಗಿಲ್ಲವೆಂದು ಕಣ್ಣು ತಿರುಗಿಸಿದ. ಮೋನಿಕಾ ಮೇಡಂ ಇಪ್ಪತ್ತೇಳರ ಹುಡುಗಿ, ತಲೆಗೆ ಟೋಪಿ, ಕೈಯಲ್ಲಿ ಲ್ಯಾಪ್‌ಟಾಪು. ದರ್ಪವಿದ್ದವಳಾಗಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು; ಅವಳು ನಿಂಗಕ್ಕನಿಗೆ ನಮಸ್ಕಾರ ಹೇಳಿ, ಮುಕ್ಕಾಲು ಗಂಟೆ ಒಲೆ ಆರಿಸಿದರೆ ನಿಮಗೆ ತೊಂದರೆಯಾಗುತ್ತದೆಯೇ ಎಂದು ಕೇಳಿದಳು. ನಿಂಗಕ್ಕ ಗ್ಯಾಸು ಆರಿಸಿ, ಸೆರಗಿನಿಂದ ಸ್ಟೂಲು ಒರೆಸಿ ಕುಂತ್ಕಳ್ರಿ ಎಂದಳು. ಎಲ್ಲರೂ ಎಣ್ಣೆ ತಣ್ಣಗಾಗುವುದನ್ನು ನೋಡುತ್ತ ಕೂತರು. ಗಿರಾಕಿಗಳು ಬಂದರು, ಲ್ಯಾಪ್‌ಟಾಪು ಕಂಡು ಜಾತ್ರೆಗೆ ಬಂದ ಪೊಲೀಸರನ್ನು ಕಂಡವರಂತೆ ಹಿಂದೆ ಸರಿದರು. ನಾನೂರ ಒಂಬತ್ತು. ನಾನೂರ ಹನ್ನೊಂದು. ಸಾರ್ ತಮ್ಮ ಕೂತ ಹೊಗೆಯ ಸಿದ್ಧಾಂತವನ್ನು ಮತ್ತೆ ಬಿಚ್ಚಿದರು. ಮೇಡಂ ಅದನ್ನು ಮರ್ಯಾದೆಯಿಂದ ಕೇಳಿ, ಡಬ್ಬಿ ಇಳಿಸಿ ನೋಡಿಬಿಡೋಣ ಎಂದಳು. ಏಣಿಯ ಒಂದೊಂದು ಮೆಟ್ಟಿಲಿಗೂ ಪರಮೇಶ ಒಂದೊಂದು ವಾಕ್ಯ ಸಿದ್ಧ ಮಾಡಿಕೊಂಡ: ಮೇಡಂ, ಒಂದು ವಿಷಯ; ಮೇಡಂ, ತಪ್ಪು ತಿಳೀಬೇಡಿ; ಮೇಡಂ, ನಮ್ಮ ಕಡೆ ಒಂದು ಪದ್ಧತಿ. ಇಳಿಯುವಾಗ ಅವೆಲ್ಲ ಮೇಲೆಯೇ ಉಳಿದುಬಿಟ್ಟವು.

ಗಾಡಿಯ ಹಲಗೆಯ ಮೇಲೆ ಡಬ್ಬಿ ಇಟ್ಟು, ಮೇಡಂ ಸೀಲು ಕತ್ತರಿಸಿ, ಮುಚ್ಚಳ ತೆಗೆದಳು. ಒಳಗೆ ಹಳದಿ. ಇಪ್ಪತ್ತೆರಡು ದಿನದ ಧೂಳು ಬೆರೆತು ಮಾಸಿದ ಹಳದಿ, ಮೂಲೆಗಳಲ್ಲಿ ಕೂತ, ಫ್ಯಾನಿನ ರೆಕ್ಕೆಗಳಿಗೆ ಮೆತ್ತಿದ, ಮುಚ್ಚಳದ ಒಳಮೈಗೆಲ್ಲ ಬಳಿದ ಹಳದಿ. ಮುಗಿಯಿತು, ಇನ್ನು ನಾನು ಹೇಳುವ ಅಗತ್ಯವೂ ಇಲ್ಲ ಎಂದುಕೊಂಡ ಪರಮೇಶ. ಮೇಡಂ ಪೆನ್ನಿನ ತುದಿಯಿಂದ ಪುಡಿಯನ್ನು ಮುಟ್ಟಿದಳು. ಆಗ ಲಕ್ಷ್ಮೀಕಾಂತ್ ಸಾರ್ ಪಕ್ಕದ ಬೋಗುಣಿಯನ್ನು ನೋಡಿ, ಮತ್ತೆ ಡಬ್ಬಿಯನ್ನು ನೋಡಿ, ಒಂದು ವಾರದಿಂದ ಹುಡುಕುತ್ತಿದ್ದ ಕನ್ನಡಕ ಸಿಕ್ಕವರಂತೆ ಹಿಗ್ಗಿದರು.

“ಕಡಲೆಹಿಟ್ಟು” ಎಂದರು. “ನಾನು ಹೇಳ್ಲಿಲ್ವಾ ಮೇಡಂ? ಹಿಟ್ಟು ಹಾರಿ ಹಾರಿ ಒಳಗೆ ಸೇರ್ಕಂಡೈತೆ.”

ಅವರು ನಾಲ್ಕು ಕಡೆಯಿಂದ ಫೋಟೋ ತೆಗೆದರು. ಬೋಗುಣಿಯ ಹಿಟ್ಟು, ಡಬ್ಬಿಯ ಪುಡಿ, ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆದರು. ಮೇಡಂ ಮುಖ ಸಣ್ಣದು ಮಾಡಿಕೊಂಡು, ಸಾರಿ ಆಂಟಿ, ಹೀಗಾದರೆ ಇಲ್ಲಿ ಗಾಡಿ ಇರಲಾಗುವುದಿಲ್ಲ ಎಂದಳು. ಅವಳ ಸಂಕಟ ನಿಜವಾಗಿತ್ತು. ಕಣ್ಣೆದುರಿಗೆ ಕಂಡದ್ದನ್ನು ಅವಳು ಹೇಗೆ ಅಲ್ಲವೆಂದಾಳು? ಪರಮೇಶನ ಒಳಗೆ ಆಗ ಆದದ್ದನ್ನು ಅವನು ಆಮೇಲೆ ಎಷ್ಟು ದಿನವಾದರೂ ತನಗೆ ತಾನೇ ಕ್ಷಮಿಸಿಕೊಳ್ಳಲಾರ. ಅವನಿಗೆ ಖುಷಿಯಾಯಿತು. ಪರೀಕ್ಷೆಯಲ್ಲಿ ಪಕ್ಕದವನ ಚೀಟಿ ಸಿಕ್ಕಿಬಿದ್ದು ತನ್ನದು ಅಂಗಿಯೊಳಗೇ ಉಳಿದಾಗ ಆಗುವಂಥ ಖುಷಿ. ನಿಜ ಕಣ್ಣೆದುರೇ ಬಿದ್ದಿದೆ, ಯಾರೂ ಅದನ್ನು ಗುರುತಿಸುತ್ತಿಲ್ಲ, ಇನ್ನು ಜನ್ಮದಲ್ಲಿ ಗುರುತಿಸುವುದಿಲ್ಲ.

ನಿಂಗಕ್ಕ ಎದ್ದು ಬಂದಳು. ಯಾರ ಅಪ್ಪಣೆಯನ್ನೂ ಕೇಳದೆ ಡಬ್ಬಿಯೊಳಗೆ ಬೆರಳು ಹಾಕಿ, ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ನಾಲಿಗೆಯ ತುದಿಗೆ ಇಟ್ಟುಕೊಂಡಳು.

“ಇದು ಕಡ್ಲೆಹಿಟ್ಟಲ್ಲ ಕಣ್ರೀ. ಇಪ್ಪತ್ತೆರಡು ವರ್ಷದಿಂದ ಕಡ್ಲೆಹಿಟ್ಟು ಕಲಸ್ತಿದೀನಿ. ಇದು ಅರಿಶ್ನ.”

ಸಾರ್ ಬಿಡುವವರಲ್ಲ. ಮಿರ್ಚಿಯ ಹಿಟ್ಟಿಗೆ ಅರಿಶಿನ ಹಾಕುತ್ತೀಯೋ ಇಲ್ಲವೋ ಹೇಳಮ್ಮ ಎಂದರು. ನಿಂಗಕ್ಕ ಬೆರಳನ್ನು ಸೆರಗಿಗೆ ಒರೆಸಿ, ಹಾಕ್ತೀನಿ ಎಂದಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಸಾರ್ ತಲೆಯಾಡಿಸಿ ಬರೆದುಕೊಂಡರು. ಅಷ್ಟು ಹೊತ್ತೂ ಅವಳು ಪರಮೇಶನ ಕಡೆ ನೋಡಲಿಲ್ಲ. ಮೇಡಂಳನ್ನು ನೋಡಿದಳು, ಸಾರ್ ಪೆನ್ನನ್ನು ನೋಡಿದಳು, ಹೂತುಹೋದ ಚಕ್ರವನ್ನು ನೋಡಿದಳು, ಅವನನ್ನು ಮಾತ್ರ ಎಚ್ಚರಿಕೆಯಿಂದ ಬಿಟ್ಟು ನೋಡಿದಳು. ಅವಳಿಗೆ ಗೊತ್ತಿದೆ ಎಂಬುದು ಆ ನೋಡದಿರುವಿಕೆಯಲ್ಲಿ ಅವನಿಗೆ ಗೊತ್ತಾಯಿತು. ಹಬ್ಬದ ಬೆಳಗಿನಿಂದ ಗೊತ್ತಿದೆ, ಭಾಷಣ ಕೇಳುವಾಗ ಗೊತ್ತಿತ್ತು, ನೋಟಿಸು ಓದಿಸಿಕೊಳ್ಳುವಾಗ ಗೊತ್ತಿತ್ತು, ತಟ್ಟೆ ಇಡುವಾಗ ಗೊತ್ತಿತ್ತು. ಡಬ್ಬಿಯಿಂದ ಒಂದು ವಾಸನೆ ಎದ್ದು ಬರುತ್ತಿತ್ತು. ಪ್ಲಾಸ್ಟಿಕ್ಕು ಬಿಸಿಯಾದ ವಾಸನೆಯ ಅಡಿಯಲ್ಲಿ ಕಂಬಳಿಯ ವಾಸನೆ, ತಾಳ್ಯದ ಗುಡಿಯ ಕಲ್ಲುಕಂಬದ ವಾಸನೆ. ಚಿಕ್ಕಂದಿನಲ್ಲಿ ಅಲ್ಲಿ ಅಪ್ಪನ ಹೆಗಲ ಮೇಲೆ ಕೂತಿದ್ದಾಗ ಡೊಳ್ಳಿನ ನಡುವೆ ಯಾರೋ ಎರಚಿದ ಭಂಡಾರ ಕಣ್ಣು, ಬಾಯಿ, ಮೂಗಿಗೆಲ್ಲ ತುಂಬಿ ಉಸಿರು ಕಟ್ಟಿ ಅತ್ತಿದ್ದ. ಅಪ್ಪ ನಗುತ್ತ ಅದನ್ನೇ ಹೆಬ್ಬೆರಳಲ್ಲಿ ತೀಡಿ ಹಣೆಗೆ ಹಚ್ಚಿದ್ದ. ಮನೆಯ ಭಂಡಾರ ಕಂಡರೆ ಕೈ ಸುಮ್ಮನಿರುವುದಿಲ್ಲ, ಅದೊಂದು ರೋಗ.

ಪರಮೇಶ ಮುಂದೆ ಬಂದು, ಮುಚ್ಚಳದ ಒಳಗೆ ಹೆಬ್ಬೆರಳು ಒತ್ತಿ, ಹಣೆಯ ಉದ್ದಕ್ಕೂ ಎಳೆದುಕೊಂಡ. ಹುಬ್ಬಿನ ಮೇಲೆ ಪುಡಿ ಉದುರಿತು.

“ನಮ್ಮನೇದು ಸಾರ್” ಎಂದ. “ಭಂಡಾರ. ಹಬ್ಬದ ದಿನ ನಾನೇ ಹಚ್ಚಿದ್ದು. ಆಯಮ್ಮಂದೇನೂ ಇಲ್ಲ.”

ಪಂಚರ್ ಅಂಗಡಿಯ ಕಂಪ್ರೆಸರು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಯಾಕೆ ಎಂದು ಮೇಡಂ ಕೇಳಿದಳು, ಬೈಯಲಿಕ್ಕಲ್ಲ, ನಿಜವಾಗಿ ಅರ್ಥವಾಗದೆ. ಕೆಲಸ ಹೋಗ್ತದೆ ಅಂತ ಹೆದರಿಕೆ ಆಗಿತ್ತು ಮೇಡಂ ಎಂದ. ಬಾಯಿಂದ ಹೊರಗೆ ಬಂದ ಮೇಲೆ ಅದು ಎಷ್ಟು ಚಿಕ್ಕ ಮಾತೆಂದು ಅವನಿಗೇ ಆಶ್ಚರ್ಯವಾಯಿತು. ಸಾರ್ ಮುಖ ಕೆಂಪಗಾಗಿತ್ತು. ಪತ್ರಿಕೆಯ ಫೋಟೋ, ಗೋಡೆಯ ಮೇಲಿನ ಕೆಂಪು ಗೆರೆ, ಕೂತ ಹೊಗೆ, ಎಲ್ಲವೂ ಅವರ ಮುಖದಲ್ಲಿ ಒಂದೊಂದಾಗಿ ಕುಸಿಯುತ್ತಿದ್ದವು. ಸರ್ಕಾರಿ ಯಂತ್ರಕ್ಕೆ ಕೈ ಹಾಕುವುದೆಂದರೇನು ಗೊತ್ತೇ ಎಂದು ಅವರು ಶುರು ಮಾಡಿದಾಗ ನಿಂಗಕ್ಕ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಎತ್ತಿ, ಗುಡಿಯ ತಟ್ಟೆ ಹಿಡಿಯುವಂತೆ ಅವರ ಮುಂದೆ ಹಿಡಿದಳು.

“ತಗಳ್ರಿ ಸಾರ್. ಬೀರದೇವ್ರುದು.”

ಸಾರ್ ಮಾತು ನಡುವೆ ನಿಂತಿತು. ಅವರು ಮುಚ್ಚಳವನ್ನು ನೋಡಿದರು, ಮೇಡಂಳನ್ನು ನೋಡಿದರು, ರಸ್ತೆಯ ಆಚೆ ಗುಂಪುಗೂಡಿದ್ದ ನಾಲ್ಕೈದು ಜನರನ್ನು ನೋಡಿದರು. ಅವರ ಬಲಗೈ ಪೆನ್ನನ್ನು ಎಡಗೈಗೆ ದಾಟಿಸಿ ತಾನಾಗಿಯೇ ಮುಂದೆ ಹೋಯಿತು. ಎಡಗೈಯಲ್ಲಿ ಭಂಡಾರ ಮುಟ್ಟಬಾರದಲ್ಲ. ಚಪ್ಪಲಿಯನ್ನೂ ಬಿಟ್ಟರು. ಹಣೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ತೆರೆದು, ನಾಳೆ ಬೆಳಗ್ಗೆ ಹತ್ತರೊಳಗೆ ಲಿಖಿತ ವಿವರಣೆ ನನ್ನ ಟೇಬಲ್ ಮೇಲಿರಬೇಕು, ಗುತ್ತಿಗೆಯ ವಿಷಯ ಆಮೇಲೆ ನೋಡೋಣ ಎಂದರು. ಹಳದಿ ಹಣೆಯಿಂದ ಹೊರಟ ಬೆದರಿಕೆ ಅರ್ಧ ಆಶೀರ್ವಾದದಂತೆ ಕೇಳಿತು. ಮೇಡಂ ಒಂದು ಚಿಟಿಕೆ ಭಂಡಾರವನ್ನು ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ತಾರೀಕು ಬರೆದು, ಸ್ಯಾಂಪಲ್ ಎಂದಳು. ಉಳಿದದ್ದನ್ನು ಬ್ರಷ್ಷಿನಿಂದ ಗುಡಿಸಿ, ಫ್ಯಾನು ಬದಲಿಸಿ, ಸೀಲು ಹಾಕಿ, ಮತ್ತೆ ಏರಿಸಲು ಹೇಳಿದಳು. ಅವನು ಇಳಿದು ಬಂದಾಗ ಲ್ಯಾಪ್‌ಟಾಪಿನಲ್ಲಿ ಅರವತ್ತೆಂಟು ಇತ್ತು. ನೋಟಿಸು ವಾಪಸ್ ಎಂದು ಬರೆದು ಅವಳೇ ನಿಂಗಕ್ಕನ ಕೈಗೆ ಕೊಟ್ಟಳು.

ಕಾರು ಹೋಯಿತು. ನಿಂಗಕ್ಕ ಒಲೆ ಹಚ್ಚಿದಳು. ಪರಮೇಶ ಏಣಿ ಮಡಚಿ ಪಂಚರ್ ಅಂಗಡಿಯ ಹಿಂದಿಟ್ಟು ಬಂದು, ಹೋಗಲೂ ಆಗದೆ ಕೂರಲೂ ಆಗದೆ ಗಾಡಿಯ ಪಕ್ಕ ನಿಂತ. ಕ್ಷಮಿಸು ಎನ್ನಬೇಕಿತ್ತು, ಆ ಮಾತು ಅವನ ಮನೆಯಲ್ಲಿ ಯಾರೂ ಬಳಸುವ ಮಾತಲ್ಲ. ಅವಳೂ ಅದಕ್ಕೆ ಕಾಯುತ್ತಿದ್ದಂತೆ ಕಾಣಲಿಲ್ಲ. ಎಣ್ಣೆ ಕಾಯುವವರೆಗೆ ಮೆಣಸಿನಕಾಯಿ ಸೀಳಿದಳು. ಬಳಗದ ಸದಸ್ಯ ಹನುಮೇಶ್ ಬೈಕು ನಿಲ್ಲಿಸಿ ಬಂದವನು ಇವನ ಹಣೆ ನೋಡಿ ನಿಂತಲ್ಲೇ ನಿಂತ, ಫೋನು ತೆಗೆಯಲು ಜೇಬಿಗೆ ಕೈ ಹಾಕಿದ. ನಿಂಗಕ್ಕ ಎರಡು ತಟ್ಟೆ ಇಟ್ಟಳು, ಒಂದು ಹನುಮೇಶನಿಗೆ, ಒಂದು ಪರಮೇಶನಿಗೆ. ಪರಮೇಶನದಕ್ಕೆ ಒಂದು ಮಿರ್ಚಿ ಹೆಚ್ಚಿಗೆ ಹಾಕಿ, ಸ್ಟೂಲು ಎಳೆದು ಎದುರಿಗೆ ಕೂತು, ಗಲ್ಲಕ್ಕೆ ಕೈಕೊಟ್ಟಳು.

“ಆವತ್ತು ಹೂವಿನ ಬಗ್ಗೆ ಬೋ ಚಂದಾಗಿ ಹೇಳಿದ್ಯಲ್ಲಪ್ಪ ಪರಮೇಶ” ಎಂದಳು. “ಇನ್ನೊಂದ್ಸಲ ಹೇಳು. ಪೂರ್ತಿ ಹೇಳು.”

ಪರಮೇಶ ಹಣೆ ಒರೆಸಿಕೊಳ್ಳಲು ಕೈಯೆತ್ತಿದ. ಕೈಯೆಲ್ಲ ಎಣ್ಣೆಯಾಗಿತ್ತು. ಕೈ ಇಳಿಸಿ, ಬಾಯಲ್ಲಿದ್ದ ಖಾರ ನುಂಗಿ, ಹೇಳತೊಡಗಿದ.